ಆಯಿಯ ನೋಟುಬುಕ್ಕು ಉಳಿಯಿತು, ಬ್ಲಾಗು ಹೋಯಿತು: ನೀವು ಯಾವುದನ್ನು ಕಾಗದದ ಮೇಲೆ ಇಟ್ಟುಕೊಂಡಿದ್ದೀರಿ?

ಬೀಸುಕಲ್ಲು (ವಿಜಯಪುರ) · ರವಿವಾರ, ರಾತ್ರಿ 9:50

ಎಲ್ಲರಿಗೂ ಶರಣು. ಕೇಳಬೇಕೋ ಬೇಡವೋ ಅಂತ ತಿಂಗಳಿಂದ ಹೊಯ್ದಾಡಿ ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

2008ರಲ್ಲಿ ನಾನೊಂದು ಬ್ಲಾಗು ಶುರು ಮಾಡಿದ್ದೆ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಔಷಧಿ ಅಂಗಡಿಯ ಕೆಲಸ ಮುಗಿಸಿ ವಾರಕ್ಕೊಮ್ಮೆ ಸೈಬರ್ ಕೆಫೆಗೆ ಹೋಗುತ್ತಿದ್ದೆ, ತಾಸಿಗೆ 15 ರೂಪಾಯಿ. ತಾಸಿನ ಲೆಕ್ಕದಲ್ಲಿ ದುಡ್ಡು ಕೊಡುವಾಗ ಅಲ್ಲಿ ಕೂತು ಯೋಚಿಸುವ ಹಾಗಿರಲಿಲ್ಲ. ಯೋಚನೆಯೆಲ್ಲ ಮನೆಯಲ್ಲೇ, ನೋಟುಬುಕ್ಕಿನಲ್ಲೇ ಮುಗಿದಿರಬೇಕು. ಕೆಫೆಯಲ್ಲಿ ಬರೀ ಟೈಪ್ ಮಾಡುವುದು, ಏರಿಸುವುದು, ಎದ್ದು ಬರುವುದು.

ಬರೆದದ್ದು ಬಹುಪಾಲು ನಮ್ಮ ಆಯಿಯ ಹಾಡು. ಆಯಿ ಅಂದರೆ ಅವ್ವನ ಅವ್ವ, ಇಂಡಿ ತಾಲೂಕಿನ ಹಳ್ಳಿಯವಳು. ಸುಮ್ಮನೆ ಕೂರಿಸಿ "ಹಾಡು ಆಯಿ" ಅಂದರೆ ಒಂದು ಸಾಲೂ ನೆನಪಾಗುತ್ತಿರಲಿಲ್ಲ. ಬೀಸುಕಲ್ಲಿನ ಮುಂದೆ ಕೂತು ಗೂಟ ಹಿಡಿದು ಒಂದು ಹಿಡಿ ಜೋಳ ಹಾಕಿದಳೆಂದರೆ ಎರಡನೇ ಸುತ್ತಿಗೆ ಹಾಡು ತಾನಾಗಿ ಬರುತ್ತಿತ್ತು. ಕೈ ನಿಂತರೆ ಹಾಡೂ ನಿಂತಿತು. "ತಡಿ ಆಯಿ, ಬರಕೋತೀನಿ" ಅಂದರೆ ಸಿಟ್ಟಾಗುತ್ತಿದ್ದಳು, ತಡೆದರೆ ಮುಂದಿನ ಸಾಲು ಹೋಗಿಬಿಡುತ್ತದೆ ಅಂತ. ಹೀಗಾಗಿ ಅರ್ಧರ್ಧ ಗೀಚಿಕೊಂಡು ರಾತ್ರಿ ಕೂತು ತುಂಬುತ್ತಿದ್ದೆ.

ಮದುವೆ, ಮಕ್ಕಳು, ಅಂಗಡಿ ಅಂತ 2012ರ ಹೊತ್ತಿಗೆ ಬ್ಲಾಗು ಬಿಟ್ಟೇಬಿಟ್ಟೆ. 2014ರಲ್ಲಿ ಆಯಿ ತೀರಿಕೊಂಡಳು. ಮರುವರ್ಷ ಆ ಬ್ಲಾಗು ಇದ್ದ ತಾಣವೇ ಬಾಗಿಲು ಹಾಕಿತು. ಮೊದಲೇ ತಿಳಿಸುವ ಮೇಲ್ ಬಂದಿತ್ತಂತೆ, ನಾನು ತೆರೆಯುವುದನ್ನೇ ಬಿಟ್ಟಿದ್ದ ಹಳೆಯ ವಿಳಾಸಕ್ಕೆ. 112 ಬರಹ ಹೋದವು.

ಉಳಿದದ್ದು 200 ಪುಟದ ಆ ಲಾಂಗ್ ಬುಕ್ಕು. ಅದರ ಹೊಲಿಗೆಯ ಸಂದಿಯಲ್ಲಿ ಇವತ್ತಿಗೂ ಹಿಟ್ಟಿದೆ. ಅದರಲ್ಲೊಂದು ಪಂಚಮಿ ಹಾಡಿನ ತ್ರಿಪದಿ ಹೀಗಿದೆ:

ಗೆಜ್ಜಿಯ ಸಪ್ಪಳ ಹಳ್ಳದಾಚಿ ಕೇಳಿ ನಾ
ಸಜ್ಜಿಯ ರೊಟ್ಟಿ ಬಿಟ್ಟೆದ್ದೆ | ತವರಿಂದ

ಮೂರನೇ ಸಾಲು ಇಲ್ಲ. ಜಾಗ ಬಿಟ್ಟು, ಪಕ್ಕದಲ್ಲಿ "ಕೇಳಬೇಕು" ಅಂತ ಬರೆದುಕೊಂಡಿದ್ದೇನೆ. ಕೇಳಲಿಲ್ಲ.

ಈಗಿನ ಮಾತಿಗೆ ಬರುತ್ತೇನೆ. ಹೋದ ತಿಂಗಳು ಮಗ ನನ್ನ ಫೋನಿನಲ್ಲಿ ಲೆಕ್ಕ ತೆಗೆದು ತೋರಿಸಿದ: ದಿನಕ್ಕೆ ಸರಾಸರಿ 4 ತಾಸು 50 ನಿಮಿಷ. ಅಂಗಡಿಯ ಚೀಟಿಗಳು ವಾಟ್ಸಾಪಿನಲ್ಲೇ ಬರುತ್ತವೆ, ಅದು ದುಡಿಮೆ, ತೆಗೆದುಬಿಡೋಣ. ಆದರೂ ಮೂರು ತಾಸು ಉಳಿಯುತ್ತದೆ. ಆ ಮೂರು ತಾಸಿನಲ್ಲಿ ನಿನ್ನೆ ಏನು ನೋಡಿದೆ ಅಂತ ಕೇಳಿದರೆ ಒಂದೂ ನೆನಪಿಲ್ಲ. ಆಯಿಯ ನೋಟುಬುಕ್ಕಿನಲ್ಲಿ ಯಾವ ಪುಟಕ್ಕೆ ಯಾವ ಹಾಡು ಅಂತ ಇವತ್ತಿಗೂ ಹೇಳಬಲ್ಲೆ.

ಅವತ್ತಿನಿಂದ ರಾತ್ರಿ 8ರಿಂದ 9:30ರವರೆಗೆ ಫೋನನ್ನು ಗೋಡೆಯ ಮಾಡದಲ್ಲಿ ಇಡುತ್ತಿದ್ದೇನೆ, ಅತ್ತೆಯವರು ಮೊದಲು ಚಿಮಣಿ ಇಡುತ್ತಿದ್ದ ಜಾಗ. ಹೊಸ ನೋಟುಬುಕ್ಕು ತಂದು ಮತ್ತೆ ಬರೆಯಲು ಶುರು ಮಾಡಿದ್ದೇನೆ. ಮತ್ತೆ ಬ್ಲಾಗು ತೆರೆಯಲೋ, ಕಾಗದದಲ್ಲೇ ಇರಲೋ ತಿಳಿಯುತ್ತಿಲ್ಲ. ನೀವೆಲ್ಲ ಏನು ಮಾಡುತ್ತೀರಿ? ಯಾವುದನ್ನು ಕಾಗದಕ್ಕೆ ಬಿಟ್ಟಿದ್ದೀರಿ, ಯಾವುದನ್ನು ಫೋನಿಗೆ?

ಹಿನ್ನೀರು (ಬಾಗಲಕೋಟೆ, ನವನಗರ) · ರವಿವಾರ, ರಾತ್ರಿ 11:15

ಅಕ್ಕಾರ, ಎರಡು ಸಲ ಓದಿದೆ. ನನ್ನ ಅನುಭವ ನಿಮ್ಮದಕ್ಕ ಉಲ್ಟಾ ಐತಿ, ಅದಕ್ಕ ಬರೀಬೇಕು ಅನಿಸ್ತು. ಕಾಗದ ಉಳೀತೈತಿ ಅಂತ ಗಟ್ಟಿಯಾಗಿ ಹೇಳಬ್ಯಾಡ್ರಿ. ನಮ್ಮ ಊರೇ ನೀರಾಗ ಹೋಗೇತಿ.

ನಮ್ಮಪ್ಪಂದು ಹಳೇ ಬಾಗಲಕೋಟೆದಾಗ ಕಾಳಿನ ದಲಾಲಿ ಅಂಗಡಿ. ದಿನಾ ಸಂಜಿಕ ದೀಪ ಹಚ್ಚಿದ ಮ್ಯಾಲೆ ಆ ದಿನದ ಲೆಕ್ಕದ ಕೀರ್ದಿ ಬರದ ಏಳತಿದ್ರು. ಆಲಮಟ್ಟಿ ಹಿನ್ನೀರು ಬರ್ತೈತಿ ಅಂತ ನವನಗರಕ್ಕ ಸಾಮಾನ ಸಾಗಸುವಾಗ ಒಂದು ಟ್ರಂಕ್ ರಾತ್ರಿ ಅಂಗಳದಾಗ ಉಳೀತು. ಮಳಿ ಬಂತು. 11 ವರ್ಷದ ಕೀರ್ದಿ ಮುದ್ದಿ ಆತು. ಅಪ್ಪ ಒಂದೊಂದ ಹಾಳಿ ಬಿಡಿಸಿ ಹಗ್ಗದ ಮ್ಯಾಲೆ ಒಣಗಾಕ ಹಾಕಿದ್ರು. ಶಾಯಿ ಎಲ್ಲಾ ಒಂದ ನೀಲಿ ಆಗಿತ್ತು.

ಉಳದದ್ದು ತಂತಿಗಿ ಚುಚ್ಚಿದ ಕಾರ್ಡುಗೋಳು. ಹಳೇ ಅಂಗಡಿ ನೋಡಿದವರಿಗಿ ಗೊತ್ತು, ಬಂದ ಪೋಸ್ಟ್‌ಕಾರ್ಡ್ ಎಲ್ಲಾ ಒಂದ ಸೆಟದ ತಂತಿಗಿ ಚುಚ್ಚಿ ಗೋಡಿಗಿ ತೂಗ ಹಾಕ್ತಿದ್ರು. ಎಲ್ಲಾದ್ರ ನಡುವ ಒಂದು ತೂತ. ಒಂದು ಕಾರ್ಡಿನ್ಯಾಗ ಆ ತೂತ ಸರಿಯಾಗಿ ರೇಟಿನ ಮ್ಯಾಲೇ ಬಿದ್ದೈತಿ, "ಜೋಳ ಕ್ವಿಂಟಲಿಗೆ" ಅಂತ ಐತಿ, ಮುಂದ ಬೆಳಕ ಕಾಣತೈತಿ. ವಿಳಾಸದಾಗ ಬರದ ಓಣಿ ಈಗ ನೀರಿನ ತಳಕ್ಕ ಐತಿ. ನಮ್ಮ ಈಗಿನ ವಿಳಾಸ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಅಷ್ಟ.

ಒಂದು ದೀಪಾವಳಿ ಸೂಟಿಯಾಗ ಕೂತು 640 ಕಾರ್ಡಿನ ಫೋಟೋ ತಗದೆ, ಎರಡೂ ಬದಿ. ಮಗಳ ಲ್ಯಾಪ್‌ಟಾಪಿನ್ಯಾಗ ಒಂದು ಪ್ರತಿ ಇಟ್ಟೆ. ಮುಂದ ನನ್ನ ಫೋನು ಬಾವ್ಯಾಗ ಬಿತ್ತು, ಆದ್ರ ಕಾರ್ಡು ಹೋಗಲಿಲ್ಲ. ಅದಕ್ಕ ನಾ ಯಂತ್ರಕ್ಕ ಕೈ ಮುಗೀತೀನಿ. ಒಂದ ಕೊರತಿ ಹೇಳ್ತೀನಿ. ಫೋಟೋದಾಗ ಕಾರ್ಡಿನ ಸರಣಿ ಕೆಟ್ಟೈತಿ, ನಾ ಯಾವತ್ತ ತಗದ್ನೋ ಆ ತಾರೀಖಿನ ಮ್ಯಾಲೆ ನಿಂತಾವ. ತಂತಿಗಿ ಮಾತ್ರ ಬಂದದ್ದ ಬಂದಂಗ ಅದಾವ. ಓದಬೇಕು ಅನಿಸಿದ್ರ ತಂತಿ ಇಳಿಸಿಕೊಂಡ ಕೂಡ್ತೀನಿ. ಕಳಕೊಳ್ಳಬಾರದು ಅಂತ ಫೋಟೋ.

ಬಿಳಿಜೋಳ (ಸಿಂದಗಿ ತಾಲೂಕು) · ಸೋಮವಾರ, ಬೆಳಿಗ್ಗೆ 5:40

ನಾ ರೈತ. ಫೋನ್ ಬಿಡ್ರಿ ಅಂತ ಯಾರರ ಅಂದ್ರ ನನಗ ಕಸಿವಿಸಿ ಆಗತೈತಿ, ಯಾಕಂದ್ರ ಅದು ನನ್ನ ಜೀವ ಉಳಿಸೇತಿ. ಉತ್ಪ್ರೇಕ್ಷೆ ಅಲ್ರಿ. ತ್ರಿಫೇಸ್ ಕರೆಂಟ್ ರಾತ್ರಿ ಯಾವಾಗ ಬೇಕಾದಾಗ ಬರತೈತಿ. ಮೊದಲ ಬ್ಯಾಟರಿ ಹಿಡಕೊಂಡ ಎರಡು ಗಂಟೆಕ್ಕ ಬದುವಿನ ಮ್ಯಾಲೆ ಹೋಗಿ ಮೋಟರ್ ಚಾಲೂ ಮಾಡತಿದ್ದೆ. ಒಂದು ಸಲ ಪೆಟ್ಟಿಗಿ ಬಾಗಿಲ ತಗದಾಗ ಒಳಗ ಹಾವ ಸುತ್ತಿಕೊಂಡ ಕೂತಿತ್ತು. ಈಗ ಸ್ಟಾರ್ಟರಿಗಿ ಸಿಮ್ ಹಾಕಿಸೇನಿ. ಕರೆಂಟ್ ಬಂತಂದ್ರ ಅದ ಫೋನ್ ಮಾಡತೈತಿ, ಹಾಸಿಗ್ಯಾಗ ಮಲಕೊಂಡ ಬಟನ್ ಒತ್ತತೀನಿ.

ಆದ್ರ ಹಾಲಿನ ಲೆಕ್ಕ ಕ್ಯಾಲೆಂಡರಿನ ಮ್ಯಾಲೇನ. ಅಡಗಿಮನಿ ಬಾಗಿಲ ಹಿಂದ ತೂಗ ಹಾಕೇವಿ. ತಾರೀಖಿನ ಚೌಕದಾಗ ಮುಂಜಾನಿ ಎಷ್ಟು, ಸಂಜಿಕ ಎಷ್ಟು ಅಂತ ನಮ್ಮಾಕಿ ಬರೀತಾಳ. ಎಮ್ಮಿ ಗಬ್ಬ ಕಟ್ಟಿದ ದಿನಕ್ಕ ಒಂದು ಸುತ್ತು, ಈಯೋ ದಿನಕ್ಕ ಎರಡು ಸುತ್ತು. ಮಗ ಆ್ಯಪಿನ್ಯಾಗ ಹಾಕೂಣು ಅಂದ. ಆಕಿ ಅಂದ್ಲು, "ನಿನ್ನ ಫೋನು ನಿನ್ನ ಕಿಸೆದಾಗ ಇರತೈತಿ, ಕ್ಯಾಲೆಂಡರ್ ಎಲ್ಲಾರ ಕಣ್ಣಿಗೂ ಬೀಳತೈತಿ." ಮುಂದ ಯಾರೂ ಮಾತಾಡಲಿಲ್ಲ.

ಇನ್ನೊಂದು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಕ್ಕ ನಾ ನಸುಕಿನ್ಯಾಗ ಹೋಗಿ ಕೂತಾಂವ. ಅವರ ಅಂಗಿಗಿ ಕಿಸೆ ಇದ್ದಿಲ್ಲ ಅನ್ನೂದು ನಮ್ಮ ಕಡೆ ಎಲ್ಲಾರಿಗೂ ಗೊತ್ತು. ಸಾವಿರಾರು ಮಂದಿ ಕೂತಿರತಿದ್ರು, ಒಂದು ಕೆಮ್ಮು ಕೇಳಂಗಿದ್ದಿಲ್ಲ. 2023ರ ಜನವರಿ 2ಕ್ಕ ಅವರು ಹೋದ್ರು. ಈಗ ನೀರ ಬಿಡುವಾಗ ಅವರ ಮಾತು ಫೋನಿನ್ಯಾಗ ಹಚ್ಚಿ ಬದುವಿನ ಮ್ಯಾಲೆ ಇಡತೀನಿ. ಕೂತು ಕೇಳಿದಂಗ ಆಗಂಗಿಲ್ಲ, ನಡುವ ಜಾಹೀರಾತು ಬರತಾವ. ಆದ್ರ ದನಿ ಅದೇ ಐತಲ್ರಿ.

ಓದುಮನಿ (ಬೆಳಗಾವಿ) · ಸೋಮವಾರ, ಮಧ್ಯಾಹ್ನ 1:20

ಹಿರಿಯರೆಲ್ಲ ಕ್ಷಮಿಸಬೇಕು, ಆದರೆ ಇದನ್ನು ಹೇಳಲೇಬೇಕು. ನಿಮಗೆಲ್ಲ ಆಯ್ಕೆ ಇದೆ. ನಿಮ್ಮ ಜೀವನದಲ್ಲಿ ಕಾಗದ ಮೊದಲು ಬಂತು, ಫೋನು ಆಮೇಲೆ. ಹಿಂತಿರುಗಲು ನಿಮಗೊಂದು ಮನೆ ಇದೆ. ನನಗೆ 23 ವರ್ಷ, ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ತರಗತಿಯ ಟಿಪ್ಪಣಿ ಬರುವುದು ಪಿಡಿಎಫ್ ಆಗಿ, ಟೆಲಿಗ್ರಾಂ ಗುಂಪಿನಲ್ಲಿ. ಒಂದೊಂದು 300 ಪುಟ. ಝೆರಾಕ್ಸ್ ಅಂಗಡಿಯಲ್ಲಿ ಎಲ್ಲ ತೆಗೆಸಿದರೆ ತಿಂಗಳ ಮೆಸ್ಸಿನ ದುಡ್ಡು ಹೋಗುತ್ತದೆ. ಫೋನು ಪಕ್ಕಕ್ಕಿಡು ಅನ್ನುವುದು ನನ್ನ ಮಟ್ಟಿಗೆ ಪುಸ್ತಕ ಪಕ್ಕಕ್ಕಿಡು ಅಂದ ಹಾಗೆ. ಓದುತ್ತಿರುವಾಗ ಅದೇ ಪರದೆಯ ಮೇಲಿನಿಂದ ಗೆಳತಿಯ ಮದುವೆಯ ಫೋಟೋ ಇಳಿದು ಬರುತ್ತದೆ. ಪುಸ್ತಕ ಯಾವತ್ತೂ ಓದುವವರನ್ನು ಹೀಗೆ ಕರೆಯುತ್ತಿರಲಿಲ್ಲ, ಅಲ್ಲವೇ?

ಇನ್ನೊಂದು ಕಷ್ಟ. ಮುಖ್ಯ ಪರೀಕ್ಷೆಯನ್ನು ಕೈಯಲ್ಲೇ ಬರೆಯಬೇಕು, ಸಾಮಾನ್ಯ ಅಧ್ಯಯನದ ಒಂದೊಂದು ಪತ್ರಿಕೆಗೆ ಮೂರು ತಾಸು. ಮೊದಲ ಸಲ ಅಭ್ಯಾಸಕ್ಕೆ ಕೂತಾಗ 40 ನಿಮಿಷಕ್ಕೆ ಹೆಬ್ಬೆರಳಿನ ಬುಡ ಹಿಡಿದುಕೊಂಡಿತು. ವಿಷಯ ಗೊತ್ತಿತ್ತು, ಕೈ ಬರಲಿಲ್ಲ. ಅವತ್ತು ರೂಮಿಗೆ ಬಂದು ಅತ್ತುಬಿಟ್ಟೆ. ಈಗ ದಿನಾ ಬೆಳಿಗ್ಗೆ ಎರಡು ಪುಟ ಶಾಯಿ ಪೆನ್ನಿನಲ್ಲಿ ಬರೆಯುತ್ತೇನೆ, ಏನಾದರೂ ಸರಿ, ನಿನ್ನೆಯ ಊಟದ ಬಗ್ಗೆಯಾದರೂ ಸರಿ. ಐದು ತಿಂಗಳಾಯಿತು, ಈಗ ಎರಡೂವರೆ ತಾಸು ತಡೆಯುತ್ತದೆ.

ನಮ್ಮ ಬೆಳಗಾವಿ ಹತ್ತಿರದ ಹಲಗಾ ಗ್ರಾಮದಲ್ಲಿ ಸಂಜೆ 7ಕ್ಕೆ ಸೈರನ್ ಹಾಕಿ 9ರವರೆಗೆ ಟಿವಿ, ಮೊಬೈಲ್ ಬಂದ್ ಇಡುವ ರೂಢಿ ಮಾಡಿದ್ದಾರೆ, ಕೇಳಿರಬಹುದು. ಅದಕ್ಕೂ ಮೊದಲು ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಿಂದ ಇದೆ. ನನಗೆ ಅದರಲ್ಲಿ ಹಿಡಿಸಿದ್ದು ಸೈರನ್. ಒಬ್ಬಳೇ ಫೋನು ಆರಿಸಿ ಕೂತರೆ ಎಲ್ಲರೂ ಎಲ್ಲೋ ಇದ್ದಾರೆ, ನಾನೊಬ್ಬಳೇ ಹೊರಗೆ ಅನಿಸುತ್ತದೆ. ಊರೆಲ್ಲ ಆರಿಸಿದರೆ ಹಾಗೆ ಅನಿಸುವುದಿಲ್ಲ. ರೂಮಿನಲ್ಲಿ ನಾವು ನಾಲ್ವರು ಮಾಡಿ ನೋಡಿದೆವು, 7ರಿಂದ 8:30. ಅಲಾರಂ ಹೊಡೆದ ಕೂಡಲೇ ನಾಲ್ಕೂ ಫೋನು ಅಕ್ಕಿ ಡಬ್ಬಿಯ ಮೇಲೆ. ಒಬ್ಬಳು ಮನೆಗೆ ಹೋದ ವಾರ ಮುರಿದು ಬಿತ್ತು. ಅವಳು ಬಂದಳು, ಮತ್ತೆ ಶುರುವಾಯಿತು.

ಬೀಸುಕಲ್ಲು (ವಿಜಯಪುರ) · ಸೋಮವಾರ, ರಾತ್ರಿ 9:40

ತಂಗಿ, ಕ್ಷಮೆ ಯಾಕೆ? "ಹಿಂತಿರುಗಲು ನಿಮಗೊಂದು ಮನೆ ಇದೆ" ಅಂದೆಯಲ್ಲ, ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ನಾನು ಆ ದಿಕ್ಕಿನಿಂದ ನೋಡಿಯೇ ಇರಲಿಲ್ಲ. ನನ್ನ ಮಗ ನಿನಗಿಂತ ಚಿಕ್ಕವನು, ಅವನಿಗೆ "ಸಾಕು, ಇಡು" ಅನ್ನುವ ಮೊದಲು ಅವನು ಅದರಲ್ಲಿ ಏನು ಮಾಡುತ್ತಿದ್ದಾನೆ ಅಂತ ಕೇಳಬೇಕಿತ್ತು.

ಹಿನ್ನೀರು ಅಣ್ಣಾರ, ಆ ತೂತಿನ ಮಾತು ಇಡೀ ದಿನ ಬಿಡಲಿಲ್ಲ.

ಕೊಂಡಿ (ಇಳಕಲ್ಲ) · ಸೋಮವಾರ, ರಾತ್ರಿ 10:30

ನಾ ನೇಕಾರ. ಬರಿಯೂದು ರೂಢಿ ಇಲ್ಲ, ಮಗಳ ಕಡಿಂದ ಟೈಪ್ ಮಾಡಸಾಕತ್ತೀನಿ. ತಪ್ಪಿದ್ರ ತಿದ್ದಿ ಓದ್ರಿ.

ನಮ್ಮ ಸೀರಿಗಿ ಮೈಯ ಹಾಸು, ಅಂದ್ರ ಉದ್ದಕ ಹಾಕೂ ಎಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಮೈ ಹತ್ತಿದ್ದರೂ ಇರಲಿ, ರೇಶಿಮಿದ್ದರೂ ಇರಲಿ, ಸೆರಗು ಕೆಂಪು ರೇಶಿಮಿ. ಈ ಎರಡನ್ನೂ ಕುಣಿಕಿಯಾಗ ಕುಣಿಕಿ ಹಾಕಿ ಜೋಡಸೂದಕ್ಕ ಕೊಂಡಿ ಅಂತಾರ. ಒಂದೊಂದ ಎಳಿಗೂ ಒಂದೊಂದ ಕೊಂಡಿ. ಇದು ನಮ್ಮ ಮನ್ಯಾಗ ಹೆಣ್ಣುಮಕ್ಕಳ ಕೆಲಸ, ನಮ್ಮವ್ವನ ಬೆರಳು ನನಗಿಂತ ಚುರುಕ ಇದ್ದವು. ಸೀರಿಗೆ ಜಿಐ ಪಟ್ಟ (ಇದು ಇಳಕಲ್ಲದ್ದೇ ಅನ್ನೂ ಸರಕಾರಿ ಗುರುತು) ಬಂದದ್ದು 2007ರಾಗ, ಕೊಂಡಿ ಮಾತ್ರ ನಮ್ಮ ಅಜ್ಜಂದಿರ ಕಾಲದ್ದು.

ಇದನ್ನ ಯಾಕ ಹೇಳಾಕತ್ತೀನಿ ಅಂದ್ರ, ಹಿಂಗ ಕೊಂಡಿ ಹಾಕೂದರಿಂದ ಒಂದ ಸೀರಿಗಿ ಒಂದ ಹಾಸು. ಬ್ಯಾರೆ ಕಡೆ ಉದ್ದಕ ಹಾಸು ಕಟ್ಟಿ ಹತ್ತಾರು ಸೀರಿ ನೇಯ್ತಾರ, ನಮಗ ಹಂಗ ಬರಂಗಿಲ್ಲ. ಸೆರಗು ಮುಗೀತಂದ್ರ ಕೆಲಸ ಮುಗೀತು. ಮಗ್ಗದಿಂದ ಇಳಿಸಬೇಕು, ಮಡಚಬೇಕು, ಎದ್ದು ಮಾರಿ ತೊಳಕೊಂಡು ಚಾ ಕುಡೀಬೇಕು. ಮುಂದಿನದು ಬ್ಯಾರೆ ಹಾಸು, ಬ್ಯಾರೆ ದಿನ. ಫೋನಿಗಿ ಆ ಸೆರಗು ಇಲ್ಲ ನೋಡ್ರಿ. ರಾತ್ರಿ ಬೆರಳಿನಿಂದ ಎಳೀತಾ ಹೋಗ್ತೀನಿ, ಬರತಾನ ಇರತೈತಿ, ನನ್ನ ಕೈಗಿ ಎಲ್ಲಿ ನಿಂದ್ರಬೇಕು ಅಂತ ತಿಳಿಯಂಗಿಲ್ಲ. 40 ವರ್ಷ ಮುಗಿಯೂ ಕೆಲಸ ಮಾಡಿದ ಕೈ ಅದು.

ನೀವು ಬ್ಲಾಗಿನ ಬಗ್ಗೆ ಕೇಳೀರಿ. ಮಗಳು ಹೇಳಿದ್ಲು, ಬ್ಲಾಗಿನ ಬರಹಕ್ಕ ಕೊನಿ ಇರತೈತಿ ಅಂತ. ಹಂಗಿದ್ರ ಬರೀರಿ.

ಅಕ್ಷರಜೋಡಣೆ (ಜಮಖಂಡಿ) · ಮಂಗಳವಾರ, ಬೆಳಿಗ್ಗೆ 11:05

ಬೀಸುಕಲ್ಲು ಅಕ್ಕಾರ, ಬ್ಲಾಗಿನ ಹಳೆಯ ವಿಳಾಸ ನಿಮ್ಮ ಹತ್ತಿರ ಇದೆಯೇ? ಇದ್ದರೆ ಮೊದಲು ಒಂದು ಕೆಲಸ ಮಾಡಿ. ಇಂಟರ್‌ನೆಟ್ ಆರ್ಕೈವ್ ಅಂತ ಒಂದು ಸಂಸ್ಥೆ 1996ರಿಂದ ಜಗತ್ತಿನ ವೆಬ್ ಪುಟಗಳ ಪ್ರತಿ ತೆಗೆದಿಡುತ್ತಿದೆ. ಅವರ ವೇಬ್ಯಾಕ್ ಮಷೀನ್ ಎಂಬ ಪುಟದಲ್ಲಿ ನಿಮ್ಮ ಬ್ಲಾಗಿನ ಪೂರ್ತಿ ವಿಳಾಸ ಹಾಕಿ. ಎಲ್ಲವೂ ಸಿಗುತ್ತದೆ ಅಂತಲ್ಲ. ಅವರ ಯಂತ್ರ ಯಾವತ್ತು ನಿಮ್ಮ ಪುಟಕ್ಕೆ ಬಂದು ಹೋಗಿದೆಯೋ ಅವತ್ತಿನದು ಮಾತ್ರ ಇರುತ್ತದೆ. ಚಿತ್ರಗಳು ಎಷ್ಟೋ ಸಲ ಇರುವುದಿಲ್ಲ. ಅಕ್ಷರ ಇದ್ದರೆ ನಮಗೆ ಸಾಕಲ್ಲ.

ನಾನು ಜಮಖಂಡಿಯಲ್ಲಿ 24 ವರ್ಷದಿಂದ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಾಂಡು, ಅರ್ಜಿ. ಅಂಗಡಿಯ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಕನ್ನಡ ಅಕ್ಷರ ಬಿದ್ದಿವೆ, ಅರ್ಧಕ್ಕೂ ಹೆಚ್ಚು ಇವತ್ತಿನ ಫೋನಿನಲ್ಲಿ ಓದಲು ಬರುವುದಿಲ್ಲ. ಕಾರಣ ಸರಳ. ಹಳೆಯ 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಅಕ್ಷರಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಆಕಾರ ಕೂರಿಸಿದವು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಎಲ್ಲ ಭಾಷೆಯ ಅಕ್ಷರಕ್ಕೂ ಜಾಗ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದೆ, ಕ ಅಂದರೆ ಎಲ್ಲಿ ಹೋದರೂ ಕ. ನಿಮ್ಮ 2008ರ ಬರಹ ಸಿಕ್ಕು, ಹಾಗೆ ಕಲಸಿಹೋಗಿದ್ದರೆ ಗಾಬರಿಯಾಗಬೇಡಿ. ಪರಿವರ್ತಕ ಇದೆ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಜಾರುತ್ತವೆ, ಅದನ್ನು ಕಣ್ಣಲ್ಲೇ ತಿದ್ದಬೇಕು. ನನಗೆ ಕಳಿಸಿ, ದುಡ್ಡಿನ ಮಾತು ಬೇಡ.

ಕಾಗದವೋ ಪರದೆಯೋ ಅಂತ ಕೇಳಿದಿರಿ. ನೀವಿರುವ ಊರಿನಲ್ಲೇ ಫ.ಗು. ಹಳಕಟ್ಟಿಯವರು ಇದ್ದರಲ್ಲ. ವಕೀಲಿ ಮಾಡುತ್ತ ಮನೆಮನೆಗೆ, ಮಠಮಠಕ್ಕೆ ಹೋಗಿ ವಚನದ ತಾಳೆಗರಿ ಕೂಡಿಸಿದವರು. ಜನ ಆ ಕಟ್ಟುಗಳನ್ನು ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುವವರಿರಲಿಲ್ಲ. ಹುಳ ತಿನ್ನುತ್ತಿತ್ತು. ಅವರು ಕೂತು ನಕಲು ಮಾಡಿದರು, ಹೋಲಿಸಿದರು, 1923ರಲ್ಲಿ ಸಂಗ್ರಹದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ಶಿವಾನುಭವ ಪತ್ರಿಕೆ ಶುರು ಮಾಡಿದರು. ಅವರು ಹುಟ್ಟಿದ ಜುಲೈ 2 ಈಗ ವಚನ ಸಾಹಿತ್ಯ ಸಂರಕ್ಷಣಾ ದಿನ. ಅವರ ವಿಷಯ ಓದಿದಾಗಲೆಲ್ಲ ನನಗೆ ಕಾಣುವುದು ನಕಲು ಮಾಡುತ್ತ ಕೂತ ಆ ಕೈ. ತಾಳೆಗರಿ ಗಟ್ಟಿ ಅಂತ ವಚನ ಉಳಿಯಲಿಲ್ಲ, ಅಚ್ಚು ಗಟ್ಟಿ ಅಂತಲೂ ಅಲ್ಲ. ಒಂದು ಹಾಳಾಗುವ ಮೊದಲು ಯಾರೋ ಇನ್ನೊಂದಕ್ಕೆ ದಾಟಿಸಿದರು. ಅದಕ್ಕೇ ನನ್ನ ಸಲಹೆ: ಕಾಗದದ ಮೇಲೆ ಬರೆಯಿರಿ, ಬ್ಲಾಗಿಗೂ ಏರಿಸಿ, ಮತ್ತು ವರ್ಷಕ್ಕೊಮ್ಮೆ ಬ್ಲಾಗಿನ ಎಲ್ಲವನ್ನೂ ಇಳಿಸಿಕೊಂಡು ಮುದ್ರಿಸಿ ಹೊಲಿಸಿಡಿ. ಬ್ಲಾಗ್ ತಾಣಗಳಲ್ಲಿ ಎಲ್ಲ ಬರಹ ಒಟ್ಟಿಗೆ ಇಳಿಸಿಕೊಳ್ಳುವ ಸೌಲಭ್ಯ ಇರುತ್ತದೆ, ಯಾರೂ ಬಳಸುವುದಿಲ್ಲ.

ಘಟಪ್ರಭೆಯ ದಂಡೆ (ಗೋಕಾಕ) · ಮಂಗಳವಾರ, ಸಂಜೆ 6:10

2019ರ ಆಗಸ್ಟ್ ಹೊಳಿ ಬಂದಾಗ ನಮ್ಮ ಮನ್ಯಾಗ ಎದೀಮಟ ನೀರು. ಪುಸ್ತಕದ ಕಪಾಟು ಬಿತ್ತು. ಮಕ್ಕಳ ಮಾರ್ಕ್ಸ್‌ಕಾರ್ಡು ಡಿಜಿಲಾಕರಿನ್ಯಾಗ ಇದ್ದವು, ಅವಕ್ಕ ತ್ರಾಸ ಆಗಲಿಲ್ಲ. ನಮ್ಮ ಅಣ್ಣ ಮಿಲಿಟರಿಯಿಂದ ಬರದ ಇನ್‌ಲ್ಯಾಂಡ್ ಪತ್ರ ಯಾವ ಲಾಕರಿನ್ಯಾಗೂ ಇದ್ದಿಲ್ಲ. ಹಿನ್ನೀರು ಅಣ್ಣಾರು ಹೇಳಿದ್ದ ಖರೆ. ಫೋಟೋ ತಗೀರಿ. ಇವತ್ತ ತಗೀರಿ.

ಬೀಸುಕಲ್ಲು (ವಿಜಯಪುರ) · ಗುರುವಾರ, ರಾತ್ರಿ 10:20

ಅಕ್ಷರಜೋಡಣೆ ಅಣ್ಣಾರ, ಹೇಗೆ ಹೇಳಲಿ.

ವಿಳಾಸ ನೆನಪಿರಲಿಲ್ಲ. ಆಯಿಯ ನೋಟುಬುಕ್ಕು ತೆರೆದೆ. ಮೊದಲ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ನಾನೇ ಬರೆದಿಟ್ಟಿದ್ದೆ, ಕೆಫೆಯಲ್ಲಿ ಮರೆಯಬಾರದು ಅಂತ. ಅದನ್ನೇ ನೋಡಿಕೊಂಡು ಒಂದೊಂದು ಅಕ್ಷರ ಹಾಕಿದೆ. ಪುಟ ತೆರೆಯಲು ತುಂಬ ಹೊತ್ತು ಹಿಡಿಯಿತು. ಆಮೇಲೆ ನನ್ನ ಆ ಹಸಿರು ಪಟ್ಟಿ, ಮೂಲೆಯಲ್ಲಿ ಬೀಸುಕಲ್ಲಿನ ಚಿತ್ರ ಇದ್ದ ಕಡೆ ಖಾಲಿ ಚೌಕ, ಕೆಳಗೆ ನನ್ನ ಮಾತು. ಮಗ ಹಿಂದೆ ನಿಂತಿದ್ದ. ಅವನಿಗೆ ಗೊತ್ತೇ ಇರಲಿಲ್ಲ ಅವನವ್ವ ಬರೆಯುತ್ತಿದ್ದಳು ಅಂತ.

112ರಲ್ಲಿ 19 ಬರಹ ಸಿಕ್ಕವು. ಏಳು ನೀವು ಹೇಳಿದ ಹಾಗೆ ಕಲಸಿಹೋಗಿವೆ, ನಿಮಗೆ ಕಳಿಸಿದ್ದೇನೆ. ಉಳಿದವು ಓದಲು ಬರುತ್ತವೆ.

ಇದನ್ನು ಬರೆಯಲು ಕೈ ನಡುಗುತ್ತಿದೆ. ಆ ಪಂಚಮಿ ಹಾಡಿನ ಬರಹವೂ ಸಿಕ್ಕಿತು. ಎರಡೇ ಸಾಲು ಹಾಕಿ "ಮೂರನೆಯದು ಬರೆದುಕೊಳ್ಳುವುದು ತಪ್ಪಿತು, ಯಾರಿಗಾದರೂ ಗೊತ್ತಿದ್ದರೆ ತಿಳಿಸಿ" ಅಂತ ಬರೆದಿದ್ದೇನೆ. ಅದಕ್ಕೊಂದು ಟಿಪ್ಪಣಿ ಇದೆ, 2013ರದು. ಆಗ ನಾನು ಬ್ಲಾಗಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದೆ. ಹೆಸರಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಾರೆ. ನಮ್ಮೂರ ಕಡೆ ಹೀಗೆ ಹಾಡುತ್ತಾರೆ ಅಂತ ಹೇಳಿ:

ಹೆಜ್ಜಿ ಹಾಕ್ಯಾನ ನನ್ನಣ್ಣ

ಆಯಿ ಇನ್ನೂ ಒಂದು ವರ್ಷ ಇದ್ದಳು ಆಗ. ಓದಿ ಹೇಳಿದ್ದರೆ ಏನನ್ನುತ್ತಿದ್ದಳೋ. ನಾನು ನೋಡಲಿಲ್ಲ. ಯಾರೋ ಒಬ್ಬರು ಎಲ್ಲೋ ಕೂತು, ಗೊತ್ತಿಲ್ಲದ ಹೆಣ್ಣುಮಗಳೊಬ್ಬಳ ಅಜ್ಜಿಗೆ ಒಂದು ಸಾಲು ಕಳಿಸಿದರು, ಅದು ಹತ್ತು ವರ್ಷದ ಮೇಲೂ ಅಲ್ಲಿ ಕಾಯುತ್ತಿತ್ತು. ಇಷ್ಟು ದಿನ ಬ್ಲಾಗು ಅಂದರೆ ನನ್ನ ಬರಹ ಅಂತಲೇ ತಿಳಿದಿದ್ದೆ.

ನೋಟುಬುಕ್ಕಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆದೆ. ಪೆನ್ನು ಹಿಡಿಯಲು ಧೈರ್ಯ ಬರಲಿಲ್ಲ.

ಓದುಮನಿ (ಬೆಳಗಾವಿ) · ಗುರುವಾರ, ರಾತ್ರಿ 10:45

ಅಕ್ಕಾ, ರೂಮಿನಲ್ಲಿ ಜೋರಾಗಿ ಓದಿದೆ. ನಾಲ್ವರೂ ಸುಮ್ಮನಾಗಿಬಿಟ್ಟೆವು. ಬ್ಲಾಗು ತೆರೆಯಿರಿ. ಟೈಪ್ ಮಾಡಲು ಆಳು ಬೇಕಾದರೆ ನಾನಿದ್ದೇನೆ, ರವಿವಾರ ಒಂದು ತಾಸು. ನೀವು ಪುಟದ ಫೋಟೋ ಕಳಿಸಿದರೆ ಸಾಕು.

ಬಿಳಿಜೋಳ (ಸಿಂದಗಿ ತಾಲೂಕು) · ಶುಕ್ರವಾರ, ಬೆಳಿಗ್ಗೆ 6:00

ಎಳ್ಳ ಅಮಾಸಿಗಿ ನಮ್ಮ ಹೊಲಕ್ಕ ಬರ್ರಿ ಅಕ್ಕಾರ, ಚರಗ ಚೆಲ್ಲೂಣು, ಭೂತಾಯಿಗಿ ಎಡಿ ಹಾಕೂಣು. ಆ ದಿನ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲಾ ಬುತ್ತಿ ತಗೊಂಡ ಬರತಾರ, ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗಿ. ಊಟ ಆದ ಮ್ಯಾಲೆ ಬನ್ನಿ ಗಿಡದ ಬುಡಕ ಕೂತು ಹಾಡತಾರ. ಸಿಗ್ನಲ್ ಒಂದ ಕಡ್ಡಿ ಬಂದ್ರ ಹೆಚ್ಚು. ನೋಟುಬುಕ್ಕ ತರ್ರಿ, ರೆಕಾರ್ಡ್ ಮಾಡಾಕ ಫೋನೂ ತರ್ರಿ.

ಬೀಸುಕಲ್ಲು (ವಿಜಯಪುರ) · ಮುಂದಿನ ರವಿವಾರ, ಸಂಜೆ 7:10

ಖಂಡಿತ ಬರುತ್ತೇನೆ ಅಣ್ಣಾರ.

ಇವತ್ತು ಅವ್ವನ ಮನೆಗೆ ಹೋಗಿದ್ದೆ. ಅವಳಿಗೆ 71. ಬೀಸುಕಲ್ಲು ಹಿತ್ತಲಲ್ಲಿ ಬಿದ್ದಿದೆ, ಮೇಲಿನ ಕಲ್ಲು ಒಡೆದಿದೆ. ಅವ್ವ ಹಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ, ಬರುವುದಿಲ್ಲ ಅಂತಲೇ ತಿಳಿದಿದ್ದೆ. ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಆ ಮೂರು ಸಾಲು ಓದಿ ಹೇಳಿದೆ. ಕೈ ನಿಲ್ಲಿಸದೇ ಅಂದಳು, "ನಮ್ಮವ್ವ ಹಂಗ ಹಾಡತಿದ್ದಿಲ್ಲ." ಮತ್ತೆ ಹೇಗೆ ಅಂದೆ. ಎರಡು ರೊಟ್ಟಿ ಆಗುವವರೆಗೆ ಮಾತಾಡಲಿಲ್ಲ. ಮೂರನೆಯದು ತಟ್ಟುವಾಗ ತಾನಾಗಿ ಬಂತು, ಬಡಿತದ ಲೆಕ್ಕಕ್ಕೇ:

ಮಜ್ಜಿಗಿ ಕೇಳತ ಬಂದಣ್ಣ

"ಬಿಸಿಲಾಗ ಬಂದಾಂವ ಮೊದಲ ಮಜ್ಜಿಗಿ ಕೇಳ್ತಾನವಾ, ಹೆಜ್ಜಿ ಹಾಕೂದೇನ ಬಂತು" ಅಂದಳು.

ಫೋನು ಸೆರಗಿನ ಮರೆಯಲ್ಲಿ ಚಾಲೂ ಇಟ್ಟಿದ್ದೆ, ಆಮೇಲೆ ಹೇಳಿದೆ. ಒಂದು ನಿಮಿಷ ಹತ್ತು ಸೆಕೆಂಡು. ರೊಟ್ಟಿಯ ಸಪ್ಪಳವೇ ಜಾಸ್ತಿ, ನಡುವೆ ಅವ್ವನ ದನಿ. ಎರಡು ಪ್ರತಿ ಮಾಡಿದ್ದೇನೆ, ಒಂದು ಮಗನ ಹತ್ತಿರ, ಒಂದು ಜಮಖಂಡಿಗೆ ಹೋಗಿದೆ. ನೋಟುಬುಕ್ಕಿನಲ್ಲಿ ಪೆನ್ಸಿಲಿನ ಸಾಲನ್ನು ಅಳಿಸಿಲ್ಲ. ಅದರ ಕೆಳಗೆ ಅವ್ವನ ಸಾಲು, ಇದನ್ನು ಪೆನ್ನಿನಲ್ಲಿ ಬರೆದೆ.

ಎರಡನ್ನೂ ಹೊಸ ಬ್ಲಾಗಿನ ಮೊದಲ ಬರಹಕ್ಕೆ ಹಾಕುತ್ತೇನೆ. ಟಿಪ್ಪಣಿ ಬಂದರೆ ವಾರಕ್ಕೊಮ್ಮೆ, ರವಿವಾರ ಬೆಳಿಗ್ಗೆ ನೋಡುತ್ತೇನೆ, ತಪ್ಪಿಸುವುದಿಲ್ಲ.

ಕೊಂಡಿ (ಇಳಕಲ್ಲ) · ಮುಂದಿನ ರವಿವಾರ, ರಾತ್ರಿ 8:35

ಅಕ್ಕಾರ, ಈ ಹಾಡು ನಮ್ಮ ಮನ್ಯಾಗೂ ಐತಿ. ಮಗಳು ಓದಿ ಹೇಳಿದ ಕೂಡಲೆ ನಮ್ಮ ಅತ್ತಿ ಒಳಗಿಂದ "ಅದು ತವರಿಂದ ಅಲ್ಲ" ಅಂದ್ರು. ಎರಡನೇ ಸಾಲೇ ಬ್ಯಾರೆ ಐತಂತ. ಈಗ ಮಲಗ್ಯಾರ. ಮುಂಜಾನೆ ಕೊಂಡಿ ಹಾಕಾಕ ಕೂಡ್ತಾರ, ಆವಾಗ ಕೇಳಿ ಬರೀತೀನಿ.